ಲೋಟದಲ್ಲಿ ಒಂದೇ ಸೂಜಿ

ನನ್ನ ಹೆಂಡತಿ ಬೆಳಿಗ್ಗೆ ಐದೂಕಾಲಿಗೆ ಏಳುತ್ತಾಳೆ. ಕದ್ರಿಯ ಆಫೀಸಿಗೆ ಎಂಟೂಕಾಲರ ಬಸ್ಸು ಹಿಡಿಯುವುದರೊಳಗೆ ದೋಸೆ, ಮಗಳ ಬುತ್ತಿ, ನನ್ನ ಅಪ್ಪನ ಇನ್ಸುಲಿನ್ ಎಲ್ಲ ಮುಗಿದಿರುತ್ತದೆ. ಅಪ್ಪನ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾಳೆ. ಇನ್ಸುಲಿನ್ ಪೆನ್ನಿಗೆ ಹೊಸ ಸೂಜಿ ಹಾಕಿ ಹೊಟ್ಟೆಗೆ ಕೊಡುತ್ತಾಳೆ. ತಟ್ಟೆ ಇಡುತ್ತಾಳೆ. ಕೊನೆಗೆ ಫ್ರಿಜ್ಜಿನ ಪಕ್ಕದ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಗೀಟು ಎಳೆಯುತ್ತಾಳೆ. ಇದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಗಮನಿಸಿರಲಿಲ್ಲ.

ನನ್ನ ಕೆಲಸ ಪಣಂಬೂರಿನಲ್ಲಿ, ಅಡುಗೆ ಎಣ್ಣೆಯ ಟ್ಯಾಂಕುಗಳ ಬಳಿ. ಗಂಟೆಗೊಮ್ಮೆ ಶಾಖ ನೋಡಿ ಬರೆಯಬೇಕು. ನಾನು ಟ್ಯಾಂಕಿನತ್ತ ನಡೆಯುತ್ತಲೇ ಹಿಂದಿನ ಗಂಟೆಯ ಅಂಕಿಯನ್ನು ಬರೆದುಬಿಡುತ್ತಿದ್ದೆ. ಹೋಗಿ ನೋಡಿದರೆ ಹೆಚ್ಚಾಗಿ ಅದೇ ಇರುತ್ತಿತ್ತು.

ಒಂದು ದಿನ ಆಫೀಸಿನಲ್ಲಿ ತಪಾಸಣೆ ಎಂದು ಅವಳು ಏಳಕ್ಕೇ ಹೊರಟಳು. ಚಪ್ಪಲಿ ಹಾಕುತ್ತಾ ಹೇಳಿದಳು: "ಸೂಜಿ ಲೋಟದಲ್ಲಿ ಉಂಟು. ಮಾವನಿಗೆ ಹದಿನಾಲ್ಕು ಯೂನಿಟ್. ಗೀಟು ಎಳೆಯುವುದು ಇಂಜೆಕ್ಷನ್ ಕೊಟ್ಟ ಮೇಲೆ, ಸುರುವಿಗೆ ಅಲ್ಲ."

"ಗೊತ್ತುಂಟು ಮಾರಾಯ್ತಿ. ನಾನೆಂತ ಸಣ್ಣ ಮಗುವಾ?"

ಸಕ್ಕರೆ ನೋಡಿದೆ. ಪೆನ್ ತೆಗೆಯಲು ಫ್ರಿಜ್ಜಿನ ಬಳಿ ಹೋದವನು, ಕೈಗೆ ಪೆನ್ಸಿಲ್ ತಾಗಿದ್ದರಿಂದ ಗೀಟು ಎಳೆದುಬಿಟ್ಟೆ. ಅಷ್ಟರಲ್ಲಿ ಗ್ಯಾಸಿನವನು ಬೆಲ್ ಮಾಡಿದ. ಸಿಲಿಂಡರ್ ಒಳಗೆ ಇಡಿಸಿ, ಖಾಲಿಯದ್ದನ್ನು ಕೊಟ್ಟು ಬಂದೆ. ಗೀಟು ಕಂಡಿತು. ತಟ್ಟೆಗೆ ದೋಸೆ ಹಾಕಿ ಅಪ್ಪನ ಮುಂದಿಟ್ಟೆ.

"ಎಂತ, ಇಂಜೆಕ್ಷನ್‌ಗೆ ಇವತ್ತು ರಜೆಯಾ?" ಎಂದರು ಅಪ್ಪ.

ಅಪ್ಪನಿಗೆ ಈಗ ಮರೆವು. ಊಟ ಮಾಡಿ ಕೈ ತೊಳೆದು ಬಂದು "ಊಟ ಯಾವಾಗ" ಎಂದು ಕೇಳುವುದುಂಟು. ಹಾಗಾಗಿ ಅವರ ಮಾತನ್ನು ನಂಬುವಂತಿರಲಿಲ್ಲ. ನನ್ನನ್ನು ನಂಬೋಣವೆಂದರೆ, ಸೂಜಿ ಚುಚ್ಚಿದ ನೆನಪು ಸ್ಪಷ್ಟವಾಗಿಯೇ ಬಂತು. ಆದರೆ ಅದು ಇವತ್ತಿನದೋ, ಅವಳ ಬದಲು ನಾನು ಕೊಟ್ಟಿದ್ದ ಹೋದ ಭಾನುವಾರದ್ದೋ ತಿಳಿಯಲಿಲ್ಲ. ಹಿಂದೊಮ್ಮೆ ಸಕ್ಕರೆ ಇಳಿದು ಅಪ್ಪ ಬೆವರಿ ಕುಸಿದದ್ದನ್ನು ನಾನು ಕಂಡಿದ್ದೇನೆ. ಎರಡು ಸಲ ಕೊಟ್ಟರೆ ಜೀವಕ್ಕೇ ಅಪಾಯ. ಹೆಂಡತಿಗೆ ಫೋನು ಮಾಡಿದೆ.

ಅವಳು ಬೈಯಲಿಲ್ಲ. "ಪೆನ್ ಮುಟ್ಟಬೇಡಿ. ಲೋಟ ನೋಡಿ. ಸೂಜಿ ಉಂಟಾ?"

"ಉಂಟು."

"ಬೇರೆ ಸೂಜಿ ತೆಗೆದಿದ್ದೀರಾ?"

"ಇಲ್ಲ. ಡಬ್ಬ ನಿನ್ನ ಕಪಾಟಿನಲ್ಲಲ್ವಾ, ಬೀಗ ಹಾಕಿ ಉಂಟು."

"ಹಾಗಾದ್ರೆ ಕೊಟ್ಟಿಲ್ಲ. ಈಗ ಕೊಡಿ. ಗೀಟು ಅಳಿಸಿ, ಕೊಟ್ಟಾದ ಮೇಲೆ ಪುನಃ ಹಾಕಿ."

ಅಪ್ಪ ಅಂಗಿ ಮೇಲೆತ್ತಿಕೊಂಡು ಹೇಳಿದರು: "ಈ ಮನೆಯಲ್ಲಿ ನನಗಿಂತ ಆ ಲೋಟಕ್ಕೆ ಮರ್ಯಾದೆ ಜಾಸ್ತಿ."

ಪ್ರತಿ ಸಂಜೆ ಅವಳು ಮರುದಿನಕ್ಕೆಂದು ಆ ಲೋಟದಲ್ಲಿ ಒಂದೇ ಒಂದು ಸೂಜಿ ತೆಗೆದಿಡುತ್ತಿದ್ದಳು. ಅಚ್ಚುಕಟ್ಟಿಗೆ ಇರಬೇಕು ಎಂದುಕೊಂಡಿದ್ದೆ. ಅಂದು ಅವಳು ಬಂದ ಮೇಲೆ ಕೇಳಿದೆ. ಪಲ್ಯಕ್ಕೆ ಅಲಸಂಡೆ ಮುರಿಯುತ್ತಾ ಹೇಳಿದಳು: "ಸುರುವಿನ ವಾರ ನನಗೂ ಹೀಗೇ ಆಗಿತ್ತು. ಕೊಟ್ಟೆನಾ ಇಲ್ವಾ ಗೊತ್ತಾಗದೆ ಬಚ್ಚಲಲ್ಲಿ ಕೂತು ಅತ್ತಿದ್ದೆ. ನೀವು ಡ್ಯೂಟಿಯಲ್ಲಿದ್ರಿ. ಮರುದಿನದಿಂದ ಲೋಟ ಇಟ್ಟೆ."

ಅವಳ ಶಿಸ್ತು ಹುಟ್ಟಿನಿಂದ ಬಂದದ್ದೆಂದು ನಾನು ತಿಳಿದಿದ್ದೆ. ಅದನ್ನು ಅವಳು ಒಂದು ಕೆಟ್ಟ ಬೆಳಿಗ್ಗೆಯಿಂದ, ಒಬ್ಬಳೇ, ಆಫೀಸಿಗೆ ತಡವಾಗದಂತೆ ಮಾಡಿಕೊಂಡಿದ್ದಳು.

ಈಗ ನಾನು ಟ್ಯಾಂಕಿನ ಮುಂದೆ ನಿಂತು, ನೋಡಿದ ಮೇಲೆಯೇ ಕಿಸೆಯಿಂದ ಪೆನ್ನು ತೆಗೆಯುತ್ತೇನೆ. "ಎಂತ ಮಾರಾಯ, ಟ್ಯಾಂಕಿಗೆ ಪೂಜೆಯಾ?" ಎಂದು ಜತೆಯವರು ನಗುತ್ತಾರೆ.

ಮೊನ್ನೆ ಸಂಜೆ, ಸೂಜಿ ನಾನು ಇಡಲೇ ಎಂದು ಅವಳನ್ನು ಕೇಳಿದೆ. ಅವಳು ಕಪಾಟಿನ ಕೀಲಿಕೈ ಕೊಟ್ಟು, "ಒಂದೇ," ಎಂದಳು.

ಒಂದೇ ಇಟ್ಟೆ. ಮತ್ತೆ ಹೋಗಿ ನೋಡಿಯೂ ಬಂದೆ.