ಮುಂದಿನ ಸೀಟಿನ ಬೂದುಗುಂಬಳ

ಗೆಳೆಯರೇ, ಇವತ್ತು ನಮ್ಮ ದೊಡ್ಡಪ್ಪನ ಹೊಸ ಐಷಾರಾಮಿ ಕಾರು ಒಂದು ಬೂದುಗುಂಬಳಕಾಯಿಗೆ ಸೀಟ್ ಬೆಲ್ಟ್ ಹಾಕಿಸಿತು.

ಕಾರಿಗೆ ದೃಷ್ಟಿ ತೆಗೆಯಲೆಂದು ದೊಡ್ಡಮ್ಮ ಕೆಲಮಂಗಲದಲ್ಲಿ ಆರಿಸಿ ಕೊಂಡ ಕಾಯಿ ಅದು. ಪೂಜೆಯ ಸಾಮಾನನ್ನು ಕಾಲ ಬಳಿ ಇಡಬಾರದೆಂದು ಮುಂದಿನ ಸೀಟಿನಲ್ಲಿ ಕೂರಿಸಿದರು. ಹೊರಟಿದ್ದೇ ತಡ, ಕಾರು ಕುಂಯ್ ಕುಂಯ್ ಎಂದು ಕೂಗತೊಡಗಿತು.

“ಯಾರೋ ಮನುಷ್ರು ಕೂತವ್ರೆ ಅನ್ಕೊಂಡೈತೆ. ಕೆಳಕ್ಕೆ ಮಡಗೇ,” ಎಂದರು ದೊಡ್ಡಪ್ಪ.

“ಬೆಲ್ಟ್ ತಾನೆ ಅದು ಕೇಳ್ತಿರೋದು? ಹಾಕ್ಬುಡಿ. ಪೂಜೆಗೆ ಮುಂಚೆ ಕಾಯಿ ಬಿರುಕು ಬಿಟ್ರೆ ಅಪಶಕುನ.”

ಹಾಕಿದರು. ಕಾರು ತೆಪ್ಪಗಾಯಿತು.

ಹೊಸೂರಿನ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ದೊಡ್ಡಪ್ಪನ ಕಾಲು ಅಲುಗುವ ಮೊದಲೇ ಕಾರು ತಾನೇ ಬ್ರೇಕ್ ಹಾಕಿತು. ಸದ್ದು ಬಾರದಿರಲೆಂದು ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಹಿಂದಿನ ಸೀಟಿನಲ್ಲಿ ಕೂತಿದ್ದ ನಾನೂ ದೊಡ್ಡಮ್ಮನೂ ಮುಂದಿನ ಸೀಟಿಗೆ ಹಣೆ ಬಡಿದುಕೊಂಡೆವು.

ಹಣೆ ಉಜ್ಜಿಕೊಳ್ಳುತ್ತಲೇ ದೊಡ್ಡಮ್ಮ ಕೇಳಿದರು: “ಕಾಯಿಗೇನೂ ಆಗ್ಲಿಲ್ವಲ್ಲ?”

“ಅದುಕ್ಕೇನಾಯ್ತದೆ, ಮಹಾರಾಜ್ನಂಗೆ ಕೂತೈತೆ.”

ಅವಲಪಲ್ಲಿಯ ಮನೆ ಮುಂದೆ ದೊಡ್ಡಮ್ಮ ಮೆತ್ತಗೆ ಬೆಲ್ಟ್ ಬಿಚ್ಚಿ, ಕಾಯಿಯನ್ನು ಮಗುವಿನಂತೆ ಎತ್ತಿಕೊಂಡು ಇಳಿದರು. ಅದರ ಮೇಲೆ ಕರ್ಪೂರ ಹಚ್ಚಿದರು. ದೊಡ್ಡಪ್ಪ ಅದನ್ನು ಕಾರಿಗೆ ಮೂರು ಸಲ ನಿವಾಳಿಸಿ, ತಲೆಯ ಮೇಲಕ್ಕೆತ್ತಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ರಸ್ತೆಗೆ ಅಪ್ಪಳಿಸಿದರು.

ಬೆಲ್ಟಿಗೆ ಮೋಸ ಮಾಡಿದ ನಾವಿಬ್ಬರೂ ಊದಿದ ಹಣೆ ಹೊತ್ತು ಕ್ಷೇಮವಾಗಿದ್ದೇವೆ. ದಾರಿಯುದ್ದಕ್ಕೂ ನಿಯಮ ಪಾಲಿಸಿದ ಮಹಾರಾಜರು ಮಾತ್ರ ಮನೆ ಬಾಗಿಲಲ್ಲೇ ತೀರಿಕೊಂಡರು.