ಕೂಗುವಂತಿಲ್ಲದ ಬೀದಿಯಲ್ಲಿ ದೇವಮ್ಮನ ಸೊಪ್ಪು

ನ್ಯೂಜೆರ್ಸಿಯ ಹಿಲ್ಸ್‌ಬರೋದ ಹೊಲದ ಮೇಲೆ ಇನ್ನೂ ಮಂಜು ಕೂತಿದೆ. ಸೀರೆಯ ಮೇಲೆ ಮಗಳ ಹಳೆಯ ಜಾಕೆಟ್ ತೊಟ್ಟ ದೇವಮ್ಮ ದಂಟಿನ ಸಾಲಿನಲ್ಲಿ ಬಗ್ಗಿಕೊಂಡೇ ಮುಂದೆ ಸಾಗುತ್ತಿದ್ದಾರೆ. ಬೇರಿನ ಮಣ್ಣು ಕೊಡವುತ್ತಾರೆ, ಒಂದು ಹಿಡಿ ಆದೊಡನೆ ರಬ್ಬರ್ ಬ್ಯಾಂಡ್ ಸುತ್ತಿ ಬುಟ್ಟಿಗೆ ಹಾಕುತ್ತಾರೆ. ದಂಟು ಮುಗಿದ ಮೇಲೆ ಮೆಂತ್ಯ, ಆಮೇಲೆ ಸಬ್ಬಸಿಗೆ. ಬುಟ್ಟಿಗಳೆಲ್ಲ ವ್ಯಾನ್ ಏರುತ್ತವೆ. ಆದರೆ ಅವರು ಹೊರಡುವುದಿಲ್ಲ. ಮತ್ತೆ ಹೊಲದ ನಡುವಿಗೆ ಬಂದು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಎದೆ ತುಂಬ ಉಸಿರೆಳೆದುಕೊಂಡು ಕೂಗುತ್ತಾರೆ:

"ಸೊಪ್ಪೋ... ದಂಟು, ಮೆಂತ್ಯ, ಸಬ್ಬಸ್ಗೇ... ಎಳೇ ಸೊಪ್ಪಮ್ಮೋ!"

ಸುತ್ತ ಕೇಳುವವರು ಯಾರೂ ಇಲ್ಲ. ಕೊಳದ ಹೆಬ್ಬಾತುಗಳು ಮಾತ್ರ ಉತ್ತರ ಕೊಡುತ್ತವೆ. ಹೊಲವನ್ನು ಗುತ್ತಿಗೆಗೆ ಕೊಟ್ಟಿರುವ ಹಿರಿಯ ರೈತ ಡೇನಿಯಲ್ ಮೊದಲ ಸಲ ಈ ಕೂಗು ಕೇಳಿ, ಹೆಂಗಸು ಎಲ್ಲೋ ಬಿದ್ದು ಕಾಲು ಮುರಿದುಕೊಂಡಳೆಂದು ಬರಿಗಾಲಲ್ಲಿ ಓಡಿಬಂದಿದ್ದರು. ಈಗ ಅವರು ಈ ಕೂಗು ಕೇಳಿದ ಮೇಲೆಯೇ ಕಾಫಿಗೆ ನೀರಿಡುತ್ತಾರೆ.

ಅರವತ್ತು ದಾಟಿರುವ ದೇವಮ್ಮ ಹೀಗೆ ಬಯಲಿನಲ್ಲಿ ನಿಂತು ಕೂಗುವುದಕ್ಕೆ ಕಾರಣವಿದೆ. ಸೊಪ್ಪು ಮಾರುವ ಬೀದಿಯಲ್ಲಿ ಅವರು ಬಾಯಿ ತೆರೆಯುವಂತಿಲ್ಲ. ತೆರೆದರೆ ಲೈಸೆನ್ಸ್ ಹೋಗುತ್ತದೆ. ಈ ತಿಂಗಳ ಕೊನೆಗೆ ಅದರ ನವೀಕರಣ. ಅಷ್ಟರೊಳಗೆ ಒಂದೇ ಒಂದು ದೂರು ಬಂದರೂ ಈ ವ್ಯಾನ್ ನಿಂತಲ್ಲೇ ನಿಲ್ಲುತ್ತದೆ.

ಮೈಸೂರಿನ ಕುಂಬಾರಕೊಪ್ಪಲಿನ ದೇವಮ್ಮನಿಗೆ ಈ ಕೂಗು ಅತ್ತೆಯಿಂದ ಬಂದ ಆಸ್ತಿ. ಹೊಸ ಸೊಸೆಯಾಗಿ ಬುಟ್ಟಿ ಹೊತ್ತು ಜಯಲಕ್ಷ್ಮೀಪುರದ ಬೀದಿಗೆ ಹೋದಾಗ ನಾಚಿಕೆಗೆ ದನಿಯೇ ಹೊರಡಲಿಲ್ಲವಂತೆ. "ನಮ್ಮತ್ತೆ ಹಿಂದ್ಲಿಂದ ಬೆನ್ಗೊಂದು ಗುದ್ದಿ, 'ಯಾರ್ನ ಎಬ್ಬುಸ್ತಾ ಇದ್ದೀಯೆ, ಸೊಳ್ಳೇನಾ?' ಅಂದ್ರು. ಅವತ್ತು ಬಾಯಿ ಬುಟ್ಟೋಳು ನೋಡಿ, ಇಲ್ಲಿಗ್ ಬರೋಗಂಟ ಮುಚ್ಚಿರ್ಲಿಲ್ಲ," ಎಂದು ನಗುತ್ತಾರೆ. ಗಂಡ ಬೇಗ ತೀರಿಕೊಂಡರು. ಮಗಳು ರಮ್ಯಶ್ರೀಯ ಎಂಜಿನಿಯರಿಂಗ್ ಓದು ಸೊಪ್ಪಿನ ಬುಟ್ಟಿಯಲ್ಲೇ ನಡೆಯಿತು.

ಮೊಮ್ಮಗಳು ಅವನಿಯನ್ನು ನೋಡಿಕೊಳ್ಳಲೆಂದು ನ್ಯೂಜೆರ್ಸಿಗೆ ಬಂದ ದೇವಮ್ಮನಿಗೆ ಮಗು ಶಾಲೆ ಸೇರಿದ ಮೇಲೆ ಹಗಲು ಉದ್ದವಾಯಿತು. ಹಿತ್ತಲಲ್ಲಿ ಚೆಲ್ಲಿದ ಸಬ್ಬಸಿಗೆ ಬೀಜ ಎದೆಯೆತ್ತರ ಬೆಳೆದು ನಿಂತಿತು. ಅಕ್ಕಪಕ್ಕದ ಕನ್ನಡದವರಿಗೆ ಹಂಚಿದರು. ಅವರು ದುಡ್ಡು ಕೊಡಲು ಬಂದಾಗ, ಬೇಡವೆನ್ನುವ ಬದಲು, "ನಾಳಿಕೂ ತತ್ತೀನಿ" ಅಂದರು.

ಆ ಮಾತು ಕೇಳಿ ಹೆದರಿದ್ದು ಮಗಳು. ಜರ್ಸಿ ಸಿಟಿಯ ಆಫೀಸಿಗೆ ದಿನವೂ ರೈಲಿನಲ್ಲಿ ಓಡಾಡುವ ರಮ್ಯಶ್ರೀ ಅದನ್ನು ಮುಚ್ಚಿಡುವುದಿಲ್ಲ. "ಮಗಳು ಅಮೆರಿಕಾಗ್ ಕರ್ಕೊಂಡ್ಹೋಗಿ ಅಮ್ಮನ ಕೈಲಿ ಸೊಪ್ಪು ಮಾರಿಸ್ತಿದ್ದಾಳೆ ಅಂತಾರಲ್ಲ ಅನ್ನೋದು ಒಂದು. ಇನ್ನೊಂದು, ಯಾರಾದ್ರೂ ತಿಂದು ಹೊಟ್ಟೆ ಕೆಡಿಸ್ಕೊಂಡು ಕೋರ್ಟಲ್ಲಿ ಸೂ ಮಾಡಿದ್ರೆ? ಮನೆ ಮೇಲೆ ಲೋನ್ ಇದೆ. ಅದಕ್ಕೇ ಹೇಳ್ದೆ, ಅಮ್ಮ, ಮಾಡಿದ್ರೆ ಪ್ರಾಪರ್ ಆಗಿ ಮಾಡು, ಇಲ್ಲ ಬಿಟ್ಟುಬಿಡು."

ಬಿಡುವ ಮಾತೇ ಇರಲಿಲ್ಲ. ಹಾಗಾಗಿ ಎಲ್‌ಎಲ್‌ಸಿ ಎಂಬ ಬಗೆಯ ಕಂಪನಿ ಆಯಿತು. ಮಗಳು ಆರಿಸಿದ್ದ ಚಂದದ ಹೆಸರನ್ನು ಯಾರೋ ಆಗಲೇ ತೆಗೆದುಕೊಂಡಿದ್ದರು. "ನನ್ ಹೆಸ್ರು ಯಾರೂ ಎತ್ಕೊಂಡಿರಾಕಿಲ್ಲ, ಅದ್ನೇ ಹಾಕು," ಅಂದರು ಅಮ್ಮ. ಹಾಗೆ ರಾಜ್ಯದ ದಾಖಲೆಯಲ್ಲಿ 'ದೇವಮ್ಮ ಸೊಪ್ಪು ಎಲ್‌ಎಲ್‌ಸಿ' ಹುಟ್ಟಿತು. ಕಂಪನಿಯ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ, ಡೇನಿಯಲ್ಲರ ಹೊಲದ ಗುತ್ತಿಗೆ, ವ್ಯಾನ್, ಅದಕ್ಕೂ ವ್ಯಾಪಾರಕ್ಕೂ ವಿಮೆ ಬಂದವು. ಎರಡು ಸಲ ಫೇಲಾಗಿ ಮೂರನೆಯ ಸಲಕ್ಕೆ ಡ್ರೈವಿಂಗ್ ಲೈಸೆನ್ಸೂ ಸಿಕ್ಕಿತು. ಎಲ್‌ಎಲ್‌ಸಿ ಅಂದರೆ ಏನೆಂದು ಕೇಳಿದರೆ ದೇವಮ್ಮ ತಡವರಿಸುವುದಿಲ್ಲ: "ಸೊಪ್ಪಿನ್ ಗಲಾಟೆ ಸೊಪ್ಪಿನ್ ಬುಟ್ಟೀಲೇ ಇರ್ಲಿ, ಮನೆ ಹೊಸ್ಲು ದಾಟ್ಬಾರ್ದು ಅಂತ ಮಾಡಿರೋ ಕಂಪ್ನಿ ಕನವ್ವ."

ಆದರೆ ಕಂಪನಿ ಇದ್ದ ಮಾತ್ರಕ್ಕೆ ಬೀದಿಯಲ್ಲಿ ಮಾರುವ ಹಕ್ಕು ಬರುವುದಿಲ್ಲ. ಅದನ್ನು ಆಯಾ ಟೌನ್‌ಶಿಪ್, ಅಂದರೆ ಆ ಊರಿನ ಪುರಸಭೆ, ಕೊಡಬೇಕು. ಬಾಸ್ಕಿಂಗ್ ರಿಡ್ಜ್‌ನಿಂದಾಚೆ, ನಮ್ಮವರು ಹೆಚ್ಚಾಗಿರುವ ಒಂದು ಪುಟ್ಟ ಟೌನ್‌ಶಿಪ್ಪಿನಲ್ಲಿ ಅರ್ಜಿ ಹಾಕಿದರು. ಬೆರಳಚ್ಚು ಬೇಕೆಂದರು. ಯಂತ್ರದ ಗಾಜಿನ ಮೇಲೆ ಎಷ್ಟು ಒತ್ತಿದರೂ ಗೆರೆ ಮೂಡಲಿಲ್ಲ. ಮಣ್ಣು, ನೀರು, ಸೊಪ್ಪಿನ ನಾರು ಸೇರಿ ಬೆರಳ ತುದಿಯನ್ನು ಎಂದೋ ನುಣ್ಣಗೆ ಸವೆಸಿದ್ದವು. ಕೈಗೆ ಕ್ರೀಮ್ ಹಚ್ಚಿಕೊಂಡು ಕೆಲವು ದಿನ ಬಿಟ್ಟು ಬನ್ನಿ ಎಂದು ಕಳುಹಿಸಿದರು. ರಮ್ಯಶ್ರೀ ರಾತ್ರಿ ಊಟವಾದ ಮೇಲೆ ಅಮ್ಮನ ಕೈಗೆ ವ್ಯಾಸಲೀನ್ ತಿಕ್ಕಿ ಸಾಕ್ಸ್ ತೊಡಿಸುತ್ತಿದ್ದರು. "ಕೈಗೆ ಕಾಲ್ಚೀಲ! ಮೊಮ್ಮಗ್ಳು ಬಿದ್ದು ಬಿದ್ದು ನಗ್ತಿದ್ಲು. ಅಷ್ಟೂ ದಿನ ಪಾತ್ರೆ ಮುಟ್ಟುಸ್ನಿಲ್ಲ ನನ್ ಮಗ್ಳು." ಕೊನೆಗೆ ಅಚ್ಚು ಬಿತ್ತು. ಫೋಟೊ ಇರುವ ಲೈಸೆನ್ಸ್ ಕೊರಳಿಗೆ ಬಂತು.

ಮೊದಲ ದಿನವೇ ಎಡವಟ್ಟಾಯಿತು. ಬೀದಿ ಕಂಡ ಕೂಡಲೇ ದೇವಮ್ಮನ ಬಾಯಿ ತಾನಾಗಿ ತೆರೆದುಕೊಂಡಿತು. ಮೈಸೂರಿನಲ್ಲಿ ಕೂಗಿದ ಹಾಗೆಯೇ ಕೂಗಿದರು. ಒಂದು ಮನೆಯ ಬಾಗಿಲೂ ತೆರೆಯುವ ಮೊದಲೇ ಪೊಲೀಸ್ ಕಾರು ಬಂತು. ಬೀದಿಯಲ್ಲಿ ಮಾರುವವರು ಕೂಗಬಾರದು, ಗಂಟೆ ಬಾರಿಸಬಾರದು ಎಂದು ಆ ಟೌನ್‌ಶಿಪ್ಪಿನ ಲೈಸೆನ್ಸಿನ ಷರತ್ತಿನಲ್ಲಿತ್ತು. ರಮ್ಯಶ್ರೀ ಅದನ್ನು ಓದಿ ಹೇಳಿಯೂ ಇದ್ದರು. "ಯೋಳಿದ್ಲು. ಆದ್ರೆ ಕೂಗ್ದೆ ಸೊಪ್ಪು ಮಾರೋದು ಅಂತ ಒಂದ್ ಐತೆ ಅಂತ ನನ್ ತಲೇಗೇ ಬರ್ನಿಲ್ಲ," ಎನ್ನುತ್ತಾರೆ ದೇವಮ್ಮ. ಇನ್ನೊಂದು ದೂರು ಬಂದರೆ ಲೈಸೆನ್ಸ್ ರದ್ದು ಎಂದು ಕಚೇರಿಯಿಂದ ಎಚ್ಚರಿಕೆ ಬಂತು. ಅಂದು ಸಂಜೆ ಮಗಳು ಬೈಯಲಿಲ್ಲ, ಷರತ್ತಿನ ಹಾಳೆಯನ್ನು ಮತ್ತೊಮ್ಮೆ ಓದಿ ಹೇಳಿದರು. ಅದೇ ಹೆಚ್ಚು ನೋವಾಯಿತಂತೆ.

ಮುಂದಿನ ವಾರ ವ್ಯಾನ್ ಸದ್ದಿಲ್ಲದೆ ಬಂದು ನಿಂತು, ಸದ್ದಿಲ್ಲದೆ ಹೋಯಿತು. ಬಾಗಿಲು ಬಡಿಯೋಣವೆಂದರೆ ಹಲವು ಬಾಗಿಲುಗಳ ಮೇಲೆ ಮಾರುವವರು ಬರಬಾರದೆಂಬ ಸ್ಟಿಕ್ಕರ್. ರಮ್ಯಶ್ರೀ ಆ ಬೀದಿಯ ನಮ್ಮವರ ವಾಟ್ಸಾಪ್ ಗುಂಪು ಮಾಡಿ, ವ್ಯಾನ್ ಬರುವ ಹೊತ್ತನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹಾಕಿದರು. ಹುಟ್ಟುಹಬ್ಬದ ಶುಭಾಶಯಗಳ ನಡುವೆ ಅದು ಎಲ್ಲೋ ಹೂತುಹೋಯಿತು. ಬಾಡಿದ ಸೊಪ್ಪನ್ನು ದೇವಮ್ಮ ಡೇನಿಯಲ್ಲರ ಹೆಬ್ಬಾತುಗಳಿಗೆ ಹಾಕಿದರು.

ಅವರಿಗೆ ಟೈಪ್ ಮಾಡಲು ಬರುವುದಿಲ್ಲ. ಆದರೆ ಫೋನಿನಲ್ಲಿ ಮೈಕಿನ ಚಿತ್ರ ಒತ್ತಿ ಮೊಮ್ಮಗಳಿಗೆ ಮುತ್ತು ಕಳುಹಿಸಲು ಗೊತ್ತು. ಒಂದು ಬೆಳಗ್ಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದು, ಹೊಲದ ನಡುವೆ ನಿಂತು, ಆ ಮೈಕು ಒತ್ತಿ ಬೇಕಾದಷ್ಟು ಕೂಗಿದರು. ಬೀದಿಯ ತಿರುವಿನಲ್ಲಿ ವ್ಯಾನ್ ನಿಲ್ಲಿಸಿದ ಮೇಲೆ ಅದನ್ನು ಗುಂಪಿಗೆ ಕಳುಹಿಸಿದರು.

"ನಾನು ಸ್ಟವ್ ಮುಂದೆ ಇದ್ದೆ," ಎಂದು ನೆನೆಯುತ್ತಾರೆ ಆ ಬೀದಿಯ ಮಾಲಾ. "ಫೋನ್ ಒತ್ತಿದ್ರೆ ಒಳಗಿಂದ ಸೊಪ್ಪೋ ಅಂತ! ಒಗ್ಗರಣೆ ಸೀದುಹೋಯ್ತು. ಸೌಟು ಹಿಡ್ಕೊಂಡೇ ಹೊರಗೆ ಓಡಿದೆ." ಇಲ್ಲೇ ಹುಟ್ಟಿ ಬೆಳೆದ, ಮನೆಯಿಂದಲೇ ಕೆಲಸ ಮಾಡುವ ಇಶಾ ಮೀಟಿಂಗಿನಲ್ಲಿ ಮ್ಯೂಟ್ ಮಾಡುವುದನ್ನು ಮರೆತಿದ್ದಳು. "ಮೈ ಹೋಲ್ ಟೀಮ್ ಹರ್ಡ್ ಇಟ್, ಆಂಟಿ. ದೇ ಆಸ್ಕ್ ಅಬೌಟ್ ಯು ಎವ್ರಿ ವೀಕ್," ಎಂದಾಗ ದೇವಮ್ಮ, "ಅವ್ರಿಗೂ ಒಂದ್ ಕಟ್ಟು ದಂಟು ಕೊಡವ್ವ," ಅಂದರಂತೆ.

ಈಗ ವಾರಕ್ಕೆ ಮೂರು ದಿನ ವ್ಯಾಪಾರ, ದಿನಕ್ಕೆ ನೂರಿಪ್ಪತ್ತು ಕಟ್ಟಿನ ತನಕ. ಹಳೆಯ ಕೂಗನ್ನೇ ಮತ್ತೆ ಕಳುಹಿಸಬಹುದಲ್ಲ ಎಂದು ಮಗಳು ಸೂಚಿಸಿದ್ದರು. ಅಮ್ಮ ಒಪ್ಪಲಿಲ್ಲ. "ನೆನ್ನೆ ಸೊಪ್ಪು ಇವತ್ ಮಾರ್ತೀನಾ? ಕೂಗೂ ಅಂಗೇಯ."

ಬೆಳಗ್ಗೆ ಒಂಬತ್ತು ದಾಟಿದೆ. ವ್ಯಾನ್ ಬೀದಿಯ ತಿರುವಿನಲ್ಲಿ ನಿಂತಿದೆ. ದೇವಮ್ಮ ಎಂಜಿನ್ ಆರಿಸಿ, ಕೆಳಗಿಳಿದು, ಮುಂಜಾನೆಯ ಕೂಗನ್ನು ಗುಂಪಿಗೆ ಕಳುಹಿಸುತ್ತಾರೆ. ಜೂನ್ ತಿಂಗಳು, ಮನೆಗಳ ಕಿಟಕಿಗಳು ತೆರೆದಿವೆ. ಅದೇ ಹೊತ್ತಿಗೆ ಆ ತುದಿಯಿಂದ ಪೊಲೀಸ್ ಕಾರೊಂದು ನಿಧಾನವಾಗಿ ಬರುತ್ತದೆ. ದೇವಮ್ಮನ ಕೈ ಕೊರಳ ಲೈಸೆನ್ಸಿನ ಮೇಲೆ ಹೋಗುತ್ತದೆ.

ಎಡಗಡೆಯ ಅಡುಗೆಮನೆಯಿಂದ ಸಣ್ಣಗೆ 'ಸೊಪ್ಪೋ' ಕೇಳುತ್ತದೆ. ಆಮೇಲೆ ಎದುರು ಮನೆಯ ಮಹಡಿಯಿಂದ, ಮತ್ತೆ ಇನ್ನೊಂದು ಮನೆಯಿಂದ. ಒಂದೇ ಕೂಗು ಬೇರೆ ಬೇರೆ ಗಳಿಗೆಯಲ್ಲಿ ಶುರುವಾಗಿ, ಬೀದಿಯುದ್ದಕ್ಕೂ ಒಂದರ ಹಿಂದೊಂದು ಬರುತ್ತದೆ. ಯಾವುದೂ ಜೋರಾಗಿಲ್ಲ. ಕಾರು ನಿಲ್ಲುತ್ತದೆ. ಪೊಲೀಸಿನವನು ಕಿಟಕಿ ಇಳಿಸಿ ಮನೆಗಳನ್ನು ನೋಡುತ್ತಾನೆ, ಬಳಿಕ ತುಟಿ ಬಿಗಿಹಿಡಿದು ನಿಂತ ದೇವಮ್ಮನನ್ನು ನೋಡುತ್ತಾನೆ. ಲೈಸೆನ್ಸಿನ ಕಡೆ ಕಣ್ಣು ಹಾಯಿಸಿ, ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರದಂತೆ ಏನೋ ಮಾಡಿ ಮುಂದೆ ಹೋಗುತ್ತಾನೆ.

ಬಾಗಿಲುಗಳು ತೆರೆಯುತ್ತವೆ. ಮಾಲಾ ಚೀಲ ಹಿಡಿದು ಎಲ್ಲರಿಗಿಂತ ಮೊದಲು ಬರುತ್ತಾರೆ. "ಏನ್ ದೇವಮ್ಮ, ಪೊಲೀಸ್ ಏನಂದ?"

ದೇವಮ್ಮ ಎಳೆಯ ಸಬ್ಬಸಿಗೆಯ ಕಟ್ಟು ಆರಿಸಿ ಅವರ ಚೀಲಕ್ಕೆ ಇಳಿಸುತ್ತಾರೆ.

"ಏನಂದಾನು? ನಾನು ಬಾಯೇ ಬುಟ್ಟಿಲ್ವಲ್ಲ."