ಭದ್ರೆಯಲ್ಲಿ ಸಿಕ್ಕ ಹಲ್ಲಿನ ಸೆಟ್ಟು

ನೀರಿನಡಿ ಮುಳುಗುವುದು ನನ್ನ ಹೊಟ್ಟೆಪಾಡು. ಮದುವೆಗೆ ಮುಂಚೆ ಮುರುಡೇಶ್ವರದ ಕಡೆ ಪ್ರವಾಸಿಗರನ್ನು ಕಡಲಿನ ಅಡಿಗೆ ಕರೆದುಕೊಂಡು ಹೋಗಿ ಮೀನು ತೋರಿಸುತ್ತಿದ್ದೆ. ಮದುವೆಯಾಗಿ ಶಿವಮೊಗ್ಗದ ರವೀಂದ್ರನಗರಕ್ಕೆ ಬಂದ ಮೇಲೆ ಕಡಲು ಅಲ್ಲೇ ಉಳಿಯಿತು, ಉಸಿರಾಟದ ಸಿಲಿಂಡರ್ ಮಾತ್ರ ಜೊತೆಗೆ ಬಂತು. ಈಗ ತುಂಗೆ, ಭದ್ರೆಯಲ್ಲಿ ಕೆಲಸ. ಪಂಪಿನ ಬಾಯಿಗೆ ಸಿಕ್ಕಿಕೊಂಡ ಬಟ್ಟೆ ಬಿಡಿಸುತ್ತೇನೆ, ನೀರಿಗೆ ಬಿದ್ದ ಬೀಗದ ಕೈ, ಮೊಬೈಲು ಹುಡುಕಿಕೊಡುತ್ತೇನೆ. ನಮ್ಮತ್ತೆ ಇದರ ಬಗ್ಗೆ ನೆಂಟರ ಮುಂದೆ ಬಾಯಿ ಬಿಡುವುದಿಲ್ಲ. “ಸೊಸೆ ಮುಳುಗೋ ಕೆಲಸ ಮಾಡ್ತಾಳೆ ಅಂದ್ರೆ, ಯಾರ ಮನೆ ಮುಳುಗಿಸಿದ್ಲು ಅಂತ ಕೇಳ್ತಾರೆ” ಎನ್ನುತ್ತಾರೆ. ಯಾರಾದರೂ ತೀರಾ ಕೆದಕಿದರೆ “ನೀರಾವರಿ ಕಡೆ ಇದಾಳೆ” ಎಂದು ಮಾತು ಮುಗಿಸುತ್ತಾರೆ.

ಒಂದು ಚಳಿಗಾಲದ ಬೆಳಿಗ್ಗೆ ವಿನೋಬನಗರದಿಂದ ಗಂಡಸೊಬ್ಬರು ಫೋನ್ ಮಾಡಿದರು. ಗಂಭೀರವಾದ ದನಿ.

“ಮೇಡಂ, ನಮ್ಮ ತಂದೆಯವರ ಹಲ್ಲು ಹೊಳೆಗೆ ಬಿದ್ದುಹೋಗಿದೆ.”

“ಒಂದು ಹಲ್ಲಾ?”

“ಒಂದಲ್ಲ, ಪೂರ್ತಿ ಸೆಟ್ಟು. ಮೇಲಿನದು.”

ತಂದೆಯವರು ಭದ್ರಾವತಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದರಂತೆ. ಬೆಳಿಗ್ಗೆ ಹೊಳೆಯಲ್ಲಿ ಮೂರು ಸಲ ಮುಳುಗಿ ಎದ್ದಾಗ ಸೀನು ಬಂತಂತೆ. ಸೀನಿನ ಜೊತೆ ಹಲ್ಲೂ ಹೋಯಿತು. ಮಾರನೆಯ ದಿನವೇ ಮೊಮ್ಮಗಳ ನಿಶ್ಚಿತಾರ್ಥ. ಹೊಸ ಸೆಟ್ಟಿಗೆ ವಾರ ಬೇಕು ಎಂದು ಡಾಕ್ಟರು ಹೇಳಿದ್ದರು.

“ಬೀಗರ ಎದುರು ಬೊಚ್ಚುಬಾಯಲ್ಲಿ ಹೆಂಗೆ ಕೂರಿಸೋದು ಮೇಡಂ?” ಎಂದರು ಮಗ. ಅಳುವ ಹಾಗಿತ್ತು ದನಿ. ಒಪ್ಪಿಕೊಂಡೆ.

ನಾನು ಹೋಗುವಷ್ಟರಲ್ಲಿ ಭದ್ರಾವತಿಯ ಹೊಳೆಯ ಮೆಟ್ಟಿಲ ಮೇಲೆ ಜನ ಸೇರಿದ್ದರು. ಅಜ್ಜ ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದರು. ನಾನು ರಬ್ಬರಿನ ಉಡುಪು ಹಾಕಿ ಸಿಲಿಂಡರ್ ಬೆನ್ನಿಗೇರಿಸುವುದನ್ನು ನೋಡಿ ಆಗ ತಾನೇ ಬಂದ ಒಬ್ಬ ಗಾಬರಿಯಾದ.

“ಯಾರು ಬಿದ್ರು?”

“ಆ ಅಜ್ಜಂದು ಹಲ್ಲು” ಎಂದರು ಯಾರೋ.

“ಅಯ್ಯೋ ಪಾಪ. ಬಾಡಿ ಸಿಕ್ತಾ?”

“ಬಾಡಿ ಅಲ್ಲೇ ಕೂತಿದೆಯಲ್ಲ ಮಾರಾಯ, ಟವೆಲ್ ಹಿಡ್ಕೊಂಡು.”

ಆತ ಅಜ್ಜನಿಗೆ ಕೈಮುಗಿದ. ಯಾಕೆಂದು ಗೊತ್ತಿಲ್ಲ. ಅಜ್ಜನೂ ಕೈಮುಗಿದರು.

ಕೊನೆಯ ಮೆಟ್ಟಿಲಿನಾಚೆ ಎರಡಾಳು ಆಳದ ಗುಂಡಿ. ಟಾರ್ಚು ಹಿಡಿದು ಕೆಸರು ಕೆದಕಿದೆ. ನಾಣ್ಯಗಳು, ಒಡೆದ ದೇವರ ಫೋಟೋ, ಒಂದು ಸ್ಟೀಲಿನ ಚೊಂಬು ಸಿಕ್ಕವು. ಒಂದು ಕಲ್ಲಿನ ಸಂದಿಯಿಂದ ಹಲ್ಲಿನ ಸೆಟ್ಟು ನನ್ನನ್ನು ನೋಡಿ ನಗುತ್ತಿತ್ತು. ನೀರಿನಡಿಯಲ್ಲಿ ಮೊಸಳೆಗೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲವೇನೋ. ಹಿಡಿದುಕೊಂಡು ಮೇಲೆ ಬಂದೆ. ಚಪ್ಪಾಳೆ ಬಿತ್ತು.

“ಮೊದಲು ಬಿಸಿನೀರಲ್ಲಿ ತೊಳೀರಿ” ಎಂದು ಹೇಳುವಷ್ಟರಲ್ಲೇ ಅಜ್ಜ ಅದನ್ನು ಹೊಳೆಯಲ್ಲಿ ಒಂದು ಸಲ ಅದ್ದಿ ಬಾಯಿಗೆ ಹಾಕಿಕೊಂಡಿದ್ದರು. ದವಡೆ ಆಡಿಸಿದರು. ಹುಬ್ಬೇರಿಸಿದರು.

“ಇದು ನಂದಲ್ಲ” ಎಂದರು.

“ಅಪ್ಪಾ! ಉಗೀರಿ ಅದನ್ನ!” ಮಗ ಕಿರುಚಿದರು.

“ತಡಿಯೋ. ನಂದಕ್ಕಿಂತ ಚೆನ್ನಾಗಿದೆ.”

ತಂಗಿಯ ಮನೆಯಿಂದ ಬಂದಿದ್ದ ಡಬ್ಬಿಯಲ್ಲಿ ಕೋಡುಬಳೆಯಿತ್ತು. ಅಜ್ಜ ಒಂದನ್ನು ತೆಗೆದು ಕಟುಮ್ಮನೆ ಕಡಿದರು. ಹಲ್ಲು ಕಟ್ಟಿಸಿಕೊಂಡ ಮೇಲೆ ಕೋಡುಬಳೆಯನ್ನು ಕಾಫಿಯಲ್ಲಿ ನೆನೆಸಿಯೇ ತಿನ್ನುತ್ತಿದ್ದರಂತೆ. ಅವರ ಕಣ್ಣಲ್ಲಿ ನೀರು ಬಂತು. ಮಗ ಮೆಟ್ಟಿಲ ಮೇಲೆ ಕುಸಿದು ಕೂತರು. ಪೊಲೀಸರಿಗೆ ಒಪ್ಪಿಸಬೇಕು ಎಂದರು ಕೆಲವರು. ದಕ್ಕಿದವರಿಗೆ ಸೇರಿತು ಎಂದರು ಕೆಲವರು.

ಆಗ ಪಕ್ಕದಲ್ಲಿ ಜಮಖಾನೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಎದ್ದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅಜ್ಜನ ಮುಂದೆ ನಿಂತರು.

“ಸ್ವಲ್ಪ ನಗಿ ನೋಡೋಣ.”

ಅಜ್ಜ ಹೆದರಿ ನಕ್ಕರು. ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿತ್ತು.

“ನಮ್ಮನೆಯವ್ರದು” ಎಂದರು ಅಜ್ಜಿ. “ಹುಟ್ಟಿದಾಗಿಂದ ಅವ್ರ ಹಲ್ಲು ಹಂಗೇ. ಕಟ್ಟಿಸ್ಕೊಳ್ಳೋವಾಗಲೂ ಸಂದು ಬಿಟ್ಟೇ ಮಾಡು ಅಂತ ಡಾಕ್ಟರ ಹತ್ರ ಹಟ ಹಿಡಿದಿದ್ರು. ಹೋದ್ಮೇಲೆ ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ. ಬೂದಿ ಜೊತೆ ಇಲ್ಲೇ ಬಿಟ್ವಿ.”

ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ಅಜ್ಜ ಮೆಲ್ಲಗೆ ಸೆಟ್ಟು ತೆಗೆದು, ಪ್ರಸಾದ ಕೊಡುವ ಹಾಗೆ ಎರಡೂ ಕೈಯಲ್ಲಿ ಚಾಚಿದರು. ಅಜ್ಜಿ ಮುಟ್ಟಲಿಲ್ಲ.

“ಹೊಳೆಗೆ ಬಿಟ್ಟಿದ್ದನ್ನ ಮನೆಗೆ ತರಬಾರ್ದು. ನೀವೇ ಹಾಕ್ಕೊಳ್ಳಿ. ಅವ್ರು ನಗ್ತಾನೇ ಇರ್ಲಿಲ್ಲ, ಹೊಸದಿದ್ದಂಗೇ ಇದೆ.”

ನನಗೆ ಮಾತ್ರ ಮನಸ್ಸು ತಡೆಯಲಿಲ್ಲ. ನನ್ನನ್ನು ಕರೆಸಿದ್ದು ಅವರ ಹಲ್ಲು ತೆಗೆಯಲು. ಮತ್ತೆ ಮುಳುಗಿ, ಯಾರೋ ಬಿಟ್ಟುಹೋದ ಪಂಚೆಯ ಮಡಿಕೆಯಲ್ಲಿ ಸಿಕ್ಕಿದ್ದ ಅಜ್ಜನ ಸ್ವಂತ ಸೆಟ್ಟನ್ನು ತಂದುಕೊಟ್ಟೆ. ಹಳೇ ಚಪ್ಪಲಿ ನೋಡುವ ಹಾಗೆ ನೋಡಿ ಅದನ್ನು ಮಗನ ಕೈಗೆ ಕೊಟ್ಟರು. ಸಂದಿನ ಸೆಟ್ಟು ಮತ್ತೆ ಬಾಯಿ ಸೇರಿತು.

ನಿಶ್ಚಿತಾರ್ಥಕ್ಕೆ ನನ್ನನ್ನೂ ಕರೆದಿದ್ದರು. ದುರ್ಗಿಗುಡಿ ಹತ್ತಿರದ ಛತ್ರ. ಅಜ್ಜನ ಸೊಸೆ ಆ ಸೆಟ್ಟನ್ನು ಇಡ್ಲಿ ಪಾತ್ರೆಯಲ್ಲಿ ಉಪ್ಪು ಹಾಕಿ ಕುದಿಸಿ, ಪಾತ್ರೆಯನ್ನು ಗುಜರಿಗೆ ಹಾಕಿದ್ದರು. ಅಜ್ಜ ಎಲ್ಲ ಫೋಟೋಗಳಲ್ಲೂ ನಕ್ಕರು. ಗಂಡಿನ ಕಡೆಯವರು, “ಈ ಸಂದು ನಿಮ್ಮ ವಂಶದಲ್ಲೇ ಇದೆಯಾ?” ಎಂದು ವಿಚಾರಿಸಿದರಂತೆ. ಮಗ ಬೆವರು ಒರೆಸಿಕೊಂಡರಂತೆ.

ಭದ್ರಾವತಿಯ ಅಜ್ಜಿಯೂ ಬಂದಿದ್ದರು, ಇಸ್ತ್ರಿ ಮಾಡಿದ ರೇಷ್ಮೆ ಸೀರೆಯಲ್ಲಿ. ಅಜ್ಜನೇ ಹಟ ಹಿಡಿದು ಕರೆಸಿದ್ದು. ಊಟಕ್ಕೆ ಅವರು ಅಜ್ಜನ ಎದುರಿನ ಸಾಲಿನಲ್ಲಿ, ನನ್ನ ಪಕ್ಕದಲ್ಲಿ ಕೂತರು. ತಮ್ಮ ಎಲೆಯಲ್ಲಿದ್ದದ್ದನ್ನು ಸರಿಯಾಗಿ ಮುಟ್ಟದೆ, ಅಜ್ಜ ಅಗಿಯುವುದನ್ನೇ ನೋಡುತ್ತಿದ್ದರು. ಹೋಳಿಗೆ ಬಂತು, ಹಿಂದೆಯೇ ತುಪ್ಪ ಬಂತು. ಬಡಿಸುವವನು ಅಜ್ಜನ ಎಲೆ ದಾಟಿದ ಕೂಡಲೇ ಅಜ್ಜಿ ಕರೆದರು.

“ಅಲ್ಲಿಗೆ ಇನ್ನೊಂದು ಸಲ ಹಾಕಪ್ಪ.”

ಅಜ್ಜ ಎಲೆಗೆ ಕೈ ಅಡ್ಡ ಹಿಡಿದು, “ಬೇಡ, ಬೇಡ. ಡಾಕ್ಟರು ನನಗೆ ತುಪ್ಪ ಬೇಡ ಅಂದಿದಾರೆ” ಎಂದರು.

“ನಿಮಗಲ್ಲ ರೀ” ಎಂದರು ಅಜ್ಜಿ.

ಅಜ್ಜ ಅವರನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೈ ತೆಗೆದರು.